‘ನಾಗರಿಕ ವಿಜ್ಞಾನಿ’ ಎಂದರೆ ಯಾರು?

ಅಪರೂಪದ ಚಿಟ್ಟೆಯ ಫೋಟೋ. ಜಾಗ ಇಲ್ಲ, ತಾರೀಖು ಇಲ್ಲ. ಕೆಳಗೆ ಮಾತ್ರ ‘ನಾಗರಿಕ ವಿಜ್ಞಾನಿಯ ಸಾಧನೆ’ ಎಂಬ ಸಾಲು. ಇಂಥದ್ದನ್ನು ನೋಡಿ ನೋಡಿ ಸಾಕಾಗಿದೆ. ಫೋಟೋ ಚೆನ್ನಾಗಿರಬಹುದು. ಆದರೆ ಈ ಪದಕ್ಕೆ ಅಷ್ಟು ಸಾಲದು.

ಮೊದಲ ತೊಡಕು ‘ನಾಗರಿಕ’ದಲ್ಲೇ ಇದೆ. ನಗರದವನು ನಾಗರಿಕ. ಅದಕ್ಕೆ ನಯ, ನಾಜೂಕು ಬಲ್ಲವನು ಎಂಬ ಅರ್ಥವೂ ಅಂಟಿಕೊಂಡಿತು. ದೇಶದ ಪ್ರಜೆ ಎಂಬ ಅರ್ಥ ಆಮೇಲೆ ಬಂದದ್ದು. ಆದರೂ ನಾಜೂಕಿನ ಅರ್ಥ ಹೋಗಿಲ್ಲ. ‘ಅನಾಗರಿಕ’ ಎಂದರೆ ಪೌರತ್ವ ಇಲ್ಲದವನು ಅಂತ ಯಾರೂ ತಿಳಿಯುವುದಿಲ್ಲ, ಬೈಗುಳ ಅಂತಲೇ ತಿಳಿಯುತ್ತಾರೆ. ಇಂಗ್ಲಿಷಿನ ‘ಸಿಟಿಜನ್’ ಕೂಡ ‘ಸಿಟಿ’ಯ ನಂಟಿನದೇ. ಆದರೆ ಅಲ್ಲಿ ಈ ನಾಜೂಕಿನ ನೆರಳು ಅಷ್ಟಿಲ್ಲ. ‘ಸಿಟಿಜನ್ ಸೈನ್ಸ್’, ಅಂದರೆ ಸಾಮಾನ್ಯ ಜನರೂ ಕೈಜೋಡಿಸುವ ವಿಜ್ಞಾನ, ಕನ್ನಡಕ್ಕೆ ‘ನಾಗರಿಕ ವಿಜ್ಞಾನ’ವಾಗಿ ಬಂದಾಗ ಆ ನೆರಳೂ ಸೇರಿಕೊಂಡಿತು. ಇದು ಪೇಟೆಯವರ, ಓದಿದವರ, ದೊಡ್ಡ ಕ್ಯಾಮೆರಾ ಇರುವವರ ಹವ್ಯಾಸ ಎಂಬ ತಪ್ಪು ಕಲ್ಪನೆಗೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಹಾಗಲ್ಲ. ವಿಜ್ಞಾನ ಯಾರ ಸಂಬಳದ ಕೆಲಸವಲ್ಲವೋ ಅವರೆಲ್ಲ ಇಲ್ಲಿ ನಾಗರಿಕರೇ. ಹೊಲದ ಬದುವಿನಲ್ಲಿ ಚಿಟ್ಟೆ ಎಣಿಸುವವರೂ ಸೇರಿ. ಪೌರತ್ವದ ಗೊಂದಲವೇ ಬೇಡ ಎಂದು ಕೆಲವರು ಈಗ ‘ಸಮುದಾಯ ವಿಜ್ಞಾನ’ ಎನ್ನುತ್ತಾರೆ. ನನಗೆ ಅದೇ ಇಷ್ಟ.

ಇನ್ನು ‘ವಿಜ್ಞಾನಿ’. ಆ ಹೆಸರು ಬರುವುದು ಲೆಕ್ಕದಿಂದ. ಎಲ್ಲಿ, ಯಾವತ್ತು, ಎಷ್ಟು? ಬ್ರಿಟನ್ನಿನಲ್ಲಿ 1976ರಿಂದ ಚಿಟ್ಟೆಗಳ ಇಂಥ ಎಣಿಕೆ ನಡೆದಿದೆ. ಸ್ವಯಂಸೇವಕರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರವಾರವೂ ಅದೇ ಹಾದಿಯಲ್ಲಿ ನಡೆಯುತ್ತಾರೆ. ಐದು ಮೀಟರ್ ಅಗಲದೊಳಗೆ ಕಂಡದ್ದನ್ನಷ್ಟೇ ಬರೆದುಕೊಳ್ಳುತ್ತಾರೆ. ಒಂದೂ ಕಾಣದಿದ್ದರೆ ಸೊನ್ನೆ. ಆ ಸೊನ್ನೆಯನ್ನು ಬರೆಯಲೇಬೇಕು. ಹೋದ ವರ್ಷ ಇದ್ದ ಚಿಟ್ಟೆ ಈ ವರ್ಷ ಇಲ್ಲ ಅಂತ ತಿಳಿಯುವುದು ಅದರಿಂದಲೇ. ಫೋಟೋದಲ್ಲಿ ಸೊನ್ನೆ ಸಿಗುವುದಿಲ್ಲ, ಅಲ್ವಾ?

ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಚಳಿಗಾಲ ಕಳೆಯುವ ಮೊನಾರ್ಕ್ ಚಿಟ್ಟೆಗಳನ್ನೂ 1997ರಿಂದ ಸ್ವಯಂಸೇವಕರು ಎಣಿಸುತ್ತಿದ್ದಾರೆ. 2020ರಲ್ಲಿ ಸಿಕ್ಕಿದ್ದು 2,000ಕ್ಕೂ ಕಡಿಮೆ. ಹಿಂದಿನ ವರ್ಷಗಳ ಲೆಕ್ಕ ಇರದಿದ್ದರೆ ಅದು ಎಂಥ ಕುಸಿತ ಅಂತ ಗೊತ್ತೇ ಆಗುತ್ತಿರಲಿಲ್ಲ.

ಅಪರೂಪದ ಚಿಟ್ಟೆಯ ಜಾಗ ಹೇಳಿದರೆ ಹಿಡಿದು ಮಾರುವವರು ಬರುವುದಿಲ್ಲವೇ ಎಂದು ಕೇಳುವವರಿದ್ದಾರೆ. ನಿಜವಾದ ಭಯ. ಜಾಗವನ್ನು ಎಲ್ಲರಿಗೂ ತೋರಿಸಬೇಕಿಲ್ಲ. ಆದರೆ ದಾಖಲೆಯಲ್ಲಿ ಇರಬೇಕು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ಜಾಲತಾಣಗಳು ಅಳಿವಿನ ಅಂಚಿನ ಜೀವಿಗಳ ನಿಖರ ಜಾಗವನ್ನು ಮಸುಕು ಮಾಡಿಯೇ ತೋರಿಸುತ್ತವೆ.

ಚಿಟ್ಟೆಯೇ ಕಾಣಬೇಕು ಎಂದೂ ಇಲ್ಲ. ಬ್ರೌನ್ ಹೇರ್‌ಸ್ಟ್ರೀಕ್ ಎಂಬ ಚಿಟ್ಟೆ ಕಣ್ಣಿಗೆ ಬೀಳುವುದೇ ಕಡಿಮೆ. ಅದಕ್ಕೇ ಬ್ರಿಟನ್ನಿನ ಸ್ವಯಂಸೇವಕರು ಚಳಿಗಾಲದಲ್ಲಿ ಬೇಲಿಯ ಬ್ಲ್ಯಾಕ್‌ಥಾರ್ನ್ ಪೊದೆಗಳಲ್ಲಿ ಅದರ ಪುಟ್ಟ ಬಿಳಿ ಮೊಟ್ಟೆ ಹುಡುಕುತ್ತಾರೆ. ಮೊಟ್ಟೆ ಇರುವುದು ಎಳೆಯ ಕಡ್ಡಿಗಳ ಮೇಲೆ. ವರ್ಷವರ್ಷವೂ ಬೇಲಿ ಸವರಿದರೆ ಮೊದಲು ಹೋಗುವುದು ಆ ಕಡ್ಡಿಗಳೇ. ಮೊಟ್ಟೆ ಎಲ್ಲಿದೆ ಅಂತ ಗೊತ್ತಾದರೆ, ಯಾವ ಬೇಲಿಯನ್ನು ಈ ವರ್ಷ ಸವರಬಾರದು ಅಂತ ಜಮೀನಿನವರಿಗೆ ಹೇಳಬಹುದು.