ಪದ ಪರಿಚಯ: ಶಾಲಾ ಕಟ್ಟಡದ ಒಳಾಂಗಣ ಗಾಳಿಯ ಗುಣಮಟ್ಟ

ಕಟ್ಟಡವೊಂದರ ಒಳಗಿರುವವರು ಉಸಿರಾಡುವ ಗಾಳಿಯಲ್ಲಿ ಯಾವ ಅನಿಲ, ಯಾವ ಕಣ, ಯಾವ ಸೂಕ್ಷ್ಮಜೀವಿ ಎಷ್ಟಿದೆ, ಆ ಗಾಳಿಯ ಉಷ್ಣತೆ ಮತ್ತು ತೇವಾಂಶ ಹೇಗಿವೆ, ಇವೆಲ್ಲ ಸೇರಿ ಅಲ್ಲಿರುವವರ ಆರೋಗ್ಯವನ್ನು ಹೇಗೆ ತಟ್ಟುತ್ತವೆ ಎಂಬುದನ್ನು ಒಟ್ಟಾಗಿ ‘ಒಳಾಂಗಣ ಗಾಳಿಯ ಗುಣಮಟ್ಟ’ ಎನ್ನುತ್ತಾರೆ. ಮನೆ, ಕಚೇರಿ, ಆಸ್ಪತ್ರೆಗಳಿಗೂ ಇದು ಅನ್ವಯಿಸುತ್ತದೆಯಾದರೂ ಶಾಲೆಯ ವಿಷಯದಲ್ಲಿ ಇದನ್ನು ಪ್ರತ್ಯೇಕವಾಗಿ ನೋಡುವುದಕ್ಕೆ ಕಾರಣಗಳಿವೆ. ಅಷ್ಟೇ ವಿಸ್ತೀರ್ಣದ ಕಚೇರಿಯಲ್ಲಿ ಕೂರುವವರ ಹಲವು ಪಟ್ಟು ಜನ ತರಗತಿಯಲ್ಲಿ ಕೂರುತ್ತಾರೆ. ದೇಹದ ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾರೆ, ಮತ್ತು ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಉಸಿರುಕಟ್ಟಿದಂತಾದರೆ ಎದ್ದು ಹೊರಗೆ ಹೋಗುವ ಸ್ವಾತಂತ್ರ್ಯವೂ ಅವರಿಗಿಲ್ಲ ಎಂಬುದು ಮಾಪನದ ಪಟ್ಟಿಗಳಲ್ಲಿ ಕಾಣದಿದ್ದರೂ ಕಡಿಮೆ ಮಹತ್ವದ ಸಂಗತಿಯೇನಲ್ಲ.

ಇದರಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೋಲು ಇಂಗಾಲದ ಡೈಆಕ್ಸೈಡ್. ಹೊರಗಿನ ಗಾಳಿಯಲ್ಲಿ ಅದು ಹತ್ತು ಲಕ್ಷ ಭಾಗಕ್ಕೆ ಸುಮಾರು 420 ಭಾಗ, ಅಂದರೆ 420 ಪಿಪಿಎಂ ಇರುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿ ಶೇಕಡಾ 4ರಷ್ಟು, ಅಂದರೆ ಸುಮಾರು 40,000 ಪಿಪಿಎಂ. ಎಂಟು ಮೀಟರ್ ಉದ್ದ, ಎಂಟು ಮೀಟರ್ ಅಗಲ, ಮೂರು ಮೀಟರ್ ಎತ್ತರದ ಕೋಣೆಯಲ್ಲಿ 192 ಘನ ಮೀಟರ್ ಗಾಳಿ ಹಿಡಿಸುತ್ತದೆ. ಅಲ್ಲಿ ಸುಮ್ಮನೆ ಕುಳಿತ 40 ಮಕ್ಕಳು ತಲಾ ಗಂಟೆಗೆ 15 ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ ಎಂದಿಟ್ಟುಕೊಳ್ಳೋಣ. ಕಿಟಕಿ ಬಾಗಿಲುಗಳನ್ನೆಲ್ಲ ಭದ್ರವಾಗಿ ಮುಚ್ಚಿದ್ದರೆ ಹನ್ನೊಂದು ನಿಮಿಷದಲ್ಲಿ ಪ್ರಮಾಣ 1,000 ಪಿಪಿಎಂ ತಲುಪುತ್ತದೆ. ಮುಕ್ಕಾಲು ಗಂಟೆಯ ಪಾಠ ಮುಗಿಯುವ ಹೊತ್ತಿಗೆ 2,700 ದಾಟಿರುತ್ತದೆ. ಸಂದುಗೊಂದುಗಳಿಂದ ಗಾಳಿ ನುಸುಳುವುದರಿಂದ ವಾಸ್ತವದಲ್ಲಿ ಏರಿಕೆ ಇಷ್ಟು ಕಡಿದಾಗಿರುವುದಿಲ್ಲ. ಆದರೂ ಕೋಣೆಯನ್ನು ಸಾವಿರದ ಆಸುಪಾಸಿನಲ್ಲಿ ಹಿಡಿದಿಡಬೇಕಾದರೆ ಪ್ರತಿ ಮಗುವಿಗೆ ಸೆಕೆಂಡಿಗೆ ಸುಮಾರು 7 ಲೀಟರ್ ಹೊರಗಾಳಿ ಬರುತ್ತಲೇ ಇರಬೇಕಾಗುತ್ತದೆ.

ಒಳಗಿನ ಗಾಳಿಯಲ್ಲಿ ಈ ಅನಿಲ 1,000 ಪಿಪಿಎಂ ಮೀರಬಾರದೆಂಬ ಮಿತಿ ಇಂದು ನಿನ್ನೆಯದಲ್ಲ. ಮ್ಯೂನಿಕ್ ನಗರದ ಆರೋಗ್ಯಶಾಸ್ತ್ರಜ್ಞ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಇದನ್ನು ಸೂಚಿಸಿದ್ದರು. ಅವರ ವಾದವನ್ನು ಇಂದಿಗೂ ಹಲವರು ತಪ್ಪಾಗಿ ಗ್ರಹಿಸುತ್ತಾರೆ. ಆ ಪ್ರಮಾಣದ ಇಂಗಾಲದ ಡೈಆಕ್ಸೈಡ್ ವಿಷವೆಂದು ಅವರು ಹೇಳಲಿಲ್ಲ. ಕಾರ್ಖಾನೆಗಳಲ್ಲಿ ಎಂಟು ಗಂಟೆಯ ದುಡಿಮೆಗೆ 5,000 ಪಿಪಿಎಂವರೆಗೆ ಅವಕಾಶ ಕೊಡುವ ನಿಯಮಗಳು ಈಗಲೂ ಇವೆ. ಜನರ ಉಸಿರಿನಿಂದ, ಮೈಯಿಂದ ಹೊರಬೀಳುವ ಉಳಿದೆಲ್ಲವನ್ನೂ ಅಳೆಯುವುದು ಕಷ್ಟವಾದ್ದರಿಂದ ಸುಲಭವಾಗಿ ಅಳೆಯಬಹುದಾದ ಈ ಅನಿಲವನ್ನು ಅವುಗಳ ಸೂಚಕವಾಗಿ ಹಿಡಿಯೋಣ ಎಂಬುದು ಅವರ ತರ್ಕ. ಹಾಗಾಗಿ ಗೋಡೆಯ ಮೇಲಿನ ಮಾಪಕ 2,000 ತೋರಿಸಿದರೆ, ಒಬ್ಬರು ಬಿಟ್ಟ ಉಸಿರು ಇನ್ನೊಬ್ಬರ ಪಾಲಿಗೆ ಬರುವುದು ಹೆಚ್ಚಾಗಿದೆ, ಶೀತಜ್ವರದಂತಹ ಸೋಂಕು ಹರಡಲು ಅನುಕೂಲವಾಗಿದೆ ಎಂದರ್ಥ. ತರಗತಿಯ ಕೊನೆಯಲ್ಲಿ ಮಕ್ಕಳು ತೂಕಡಿಸುವುದಕ್ಕೆ ಪಾಠವೊಂದೇ ಕಾರಣವಲ್ಲದಿರಬಹುದು ಎಂಬುದನ್ನು ಶಿಕ್ಷಕರ ಸಮಾಧಾನಕ್ಕಾಗಿ ಇಲ್ಲಿ ಸೇರಿಸಬಹುದು.

ಆದರೆ ಈ ಸೂಚಕ ಧೂಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ. 2.5 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಅಥವಾ ಅದಕ್ಕಿಂತ ಕಡಿಮೆ ವ್ಯಾಸದ ಕಣಗಳು, ಅಂದರೆ ಪಿಎಂ 2.5, ಶ್ವಾಸಕೋಶದ ಆಳದವರೆಗೆ ಇಳಿಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ ಇವುಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ, ದಿನದ ಸರಾಸರಿ 15 ಮೈಕ್ರೋಗ್ರಾಂ ಮೀರಬಾರದು. ವಾಹನ ದಟ್ಟಣೆಯ ರಸ್ತೆಯ ಕಡೆಗೆ ಕಿಟಕಿ ತೆರೆದ ತರಗತಿಯಲ್ಲಿ ಇಂಗಾಲದ ಡೈಆಕ್ಸೈಡ್ 600ರ ಆಚೀಚೆ ಇದ್ದು, ಸೂಕ್ಷ್ಮಕಣಗಳು ಈ ಮಿತಿಯನ್ನು ಎಷ್ಟೋ ಪಟ್ಟು ಮೀರಿರಬಹುದು. ಕಿಟಕಿ ಮುಚ್ಚಿ ಶೋಧಕ ಯಂತ್ರ ಇಟ್ಟ ಕೋಣೆಯಲ್ಲಿ ಇದಕ್ಕೆ ತದ್ವಿರುದ್ಧ: ಶೋಧಕವು ಕಣಗಳನ್ನು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಹಿಡಿಯುವುದಿಲ್ಲ. ಒಂದೇ ಅಂಕಿಯನ್ನು ನೋಡಿ ಗಾಳಿ ಚೆನ್ನಾಗಿದೆ ಎಂದು ತೀರ್ಮಾನಿಸುವುದು ಈ ಕ್ಷೇತ್ರದಲ್ಲಿ ಅತ್ಯಂತ ಸಾಮಾನ್ಯವಾದ ಮತ್ತು ನನ್ನ ಮಟ್ಟಿಗೆ ಅತ್ಯಂತ ಹಾನಿಕರವಾದ ಅವಸರ.

ತೇವದಿಂದ ಬರುವ ಬೂಷ್ಟಿಗೆ ಮಾಪಕವೇ ಬೇಕಿಲ್ಲ. ಹೊರಗೋಡೆಗೆ ಒತ್ತಿ ನಿಲ್ಲಿಸಿದ ಬೀರುವನ್ನು ಒಂದು ಗೇಣು ಮುಂದಕ್ಕೆ ಸರಿಸಿದರೆ ಸಾಕು. ಅದರ ಹಿಂದೆ ಗಾಳಿಯಾಡುವುದಿಲ್ಲ, ಗೋಡೆ ತಣ್ಣಗಿರುತ್ತದೆ, ನೀರಿನ ಪಸೆ ಅಲ್ಲೇ ಕಟ್ಟಿಕೊಳ್ಳುತ್ತದೆ. ಕಪ್ಪು ಹಸಿರು ಚುಕ್ಕೆಗಳು ಬೀರುವಿನ ಆಕಾರವನ್ನೇ ಗೋಡೆಯ ಮೇಲೆ ಬರೆದಿರುತ್ತವೆ. ಇಂತಹ ಕೋಣೆಗಳಲ್ಲಿ ಉಬ್ಬಸ ಮತ್ತು ಅಲರ್ಜಿಯ ತೊಂದರೆ ಹೆಚ್ಚುತ್ತದೆ. ಒದ್ದೆಯಾದ ಸಾಮಗ್ರಿಯನ್ನು 24ರಿಂದ 48 ಗಂಟೆಗಳೊಳಗೆ ಒಣಗಿಸಿದರೆ ಬೂಷ್ಟು ಬಹುಮಟ್ಟಿಗೆ ತಲೆಯೆತ್ತುವುದಿಲ್ಲ. ಆದರೆ ದೀರ್ಘ ರಜೆಯಲ್ಲಿ ಬೀಗ ಹಾಕಿದ ಕಟ್ಟಡದ ಸೋರಿಕೆ ಯಾರ ಕಣ್ಣಿಗೂ ಬೀಳದೆ ವಾರಗಟ್ಟಲೆ ಮುಂದುವರಿಯುತ್ತದೆ. ಸೋರಿಕೆ ನಿಲ್ಲಿಸದೆ ಮೇಲೆ ಬಣ್ಣ ಬಳಿಯುವುದು ಗೋಡೆಯ ಅಂದಕ್ಕೆ ಮಾಡುವ ಉಪಚಾರವೇ ಹೊರತು ಗಾಳಿಗೆ ಮಾಡುವುದಲ್ಲ.

ಆ ಬಣ್ಣವೂ ಲೆಕ್ಕಕ್ಕೆ ಬರುತ್ತದೆ. ಬಣ್ಣ, ವಾರ್ನಿಷ್, ಮಾರ್ಕರ್ ಪೆನ್ನು, ನೆಲ ಒರೆಸುವ ದ್ರಾವಣ, ಸುಗಂಧ ಸಿಂಪಡಣೆ ಇವುಗಳಿಂದ ಆವಿಯಾಗುವ ಸಾವಯವ ರಾಸಾಯನಿಕಗಳು ಕಣ್ಣುರಿ, ಗಂಟಲು ಕೆರೆತ, ತಲೆನೋವು ತರುತ್ತವೆ. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡಿನ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಸಾಲಿನಲ್ಲಿದೆ. ಸೆಖೆ ಮತ್ತು ತೇವ ಹೆಚ್ಚಿದಂತೆ ಅದು ಹೊರಬರುವ ವೇಗವೂ ಹೆಚ್ಚುತ್ತದೆ. ಶಾಲೆ ತೆರೆಯುವ ಹಿಂದಿನ ವಾರದಲ್ಲಿ ಬಣ್ಣ ಬಳಿದು ಹೊಸ ಬೆಂಚು ತರಿಸುವ ರೂಢಿಗಿಂತ, ರಜೆಯ ಆರಂಭದಲ್ಲೇ ಆ ಕೆಲಸ ಮುಗಿಸಿ ಉಳಿದ ದಿನಗಳಲ್ಲಿ ಕೋಣೆಗಳಿಗೆ ಗಾಳಿಯಾಡಲು ಬಿಡುವುದು ಖರ್ಚಿಲ್ಲದ ಎಚ್ಚರಿಕೆ.

ಹಳೆಯ ಕಟ್ಟಡಗಳ ಸಾಮಗ್ರಿಯಲ್ಲೇ ಅಡಗಿರುವ ಅಪಾಯಗಳೂ ಇವೆ. ಕಲ್ನಾರಿನ (ಆಸ್ಬೆಸ್ಟಾಸ್) ಹಾಳೆ ಗಟ್ಟಿಯಾಗಿ, ಯಾರೂ ಮುಟ್ಟದಂತೆ ಇರುವಷ್ಟು ಕಾಲ ನಾರನ್ನು ಅಷ್ಟಾಗಿ ಬಿಡುವುದಿಲ್ಲ. ಡ್ರಿಲ್ ಮಾಡಿದಾಗ, ಒಡೆದಾಗ ಬಿಡುತ್ತದೆ, ಮತ್ತು ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು ದಶಕಗಳೇ ಹಿಡಿಯುತ್ತವೆ. ಅಮೆರಿಕವು 1986ರಲ್ಲಿ ಕಾನೂನು ಮಾಡಿ ಶಾಲೆಗಳಲ್ಲಿ ಕಲ್ನಾರಿನ ತಪಾಸಣೆಯನ್ನು ಕಡ್ಡಾಯಗೊಳಿಸಿತು. ಸೀಸ ಬೆರೆತ ಹಳೆಯ ಬಣ್ಣ ಕಿಟಕಿಯ ಚೌಕಟ್ಟು ಉಜ್ಜಿದಾಗಲೆಲ್ಲ ಧೂಳಾಗಿ ಉದುರುತ್ತದೆ. ನೆಲದೊಳಗಿನ ಯುರೇನಿಯಂನಿಂದ ಹುಟ್ಟಿ ಬಿರುಕುಗಳ ಮೂಲಕ ಮೇಲೇರುವ ರೇಡಾನ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶ್ವಾಸಕೋಶದ ಕ್ಯಾನ್ಸರಿನ ಕಾರಣಗಳಲ್ಲಿ ಅದು ಧೂಮಪಾನದ ನಂತರದ ಸ್ಥಾನದಲ್ಲಿದೆ. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವ ಮಟ್ಟ ಘನ ಮೀಟರಿಗೆ 100 ಬೆಕೆರೆಲ್ (ವಿಕಿರಣಶೀಲತೆಯನ್ನು ಅಳೆಯುವ ಮಾನ).

ಪರಿಹಾರದ ಕ್ರಮದಲ್ಲಿ ಮೊದಲು ಬರುವುದು ಮೂಲವನ್ನೇ ತೆಗೆಯುವುದು: ಗೇಟಿನ ಮುಂದೆ ಎಂಜಿನ್ ಚಾಲೂ ಇಟ್ಟು ನಿಲ್ಲುವ ಬಸ್ಸು, ಸೋರುವ ಕೊಳವೆ, ಘಾಟು ವಾಸನೆಯ ದ್ರಾವಣ. ಅದರ ನಂತರ ಗಾಳಿಸಂಚಾರ, ಕೊನೆಗೆ ಶೋಧಕ. ಓಝೋನ್ ಉತ್ಪಾದಿಸಿ ಗಾಳಿ ಶುದ್ಧಿ ಮಾಡುತ್ತೇವೆನ್ನುವ ಯಂತ್ರಗಳನ್ನು ದೂರವೇ ಇಡಬೇಕು, ಏಕೆಂದರೆ ಓಝೋನ್ ಸ್ವತಃ ಶ್ವಾಸಕೋಶಕ್ಕೆ ಹಾನಿ ಮಾಡುತ್ತದೆ. ಇಂಗಾಲದ ಡೈಆಕ್ಸೈಡನ್ನು ಅಳೆಯುವುದಾದರೆ ಖಾಲಿ ಕೋಣೆಯಲ್ಲಿ ಬೆಳಿಗ್ಗೆ ಅಳೆದು ಪ್ರಯೋಜನವಿಲ್ಲ. ಮಕ್ಕಳು ತುಂಬಿರುವಾಗ, ಪಾಠದ ಕೊನೆಯ ನಿಮಿಷಗಳಲ್ಲಿ, ಕುಳಿತವರ ಮೂಗಿನ ಎತ್ತರದಲ್ಲಿ, ಕಿಟಕಿಯಿಂದಲೂ ಯಾರದೇ ಮುಖದಿಂದಲೂ ದೂರವಿಟ್ಟು ಅಳೆಯಬೇಕು.