ದೂರ ಜಾಸ್ತಿ, ಟಿಕೆಟ್ ಕಡಿಮೆ: ಯಾಕೆ ಹೀಗೆ?

ಕಾಸರಗೋಡಿನಲ್ಲಿ ನಮ್ಮಲ್ಲಿಗೆ ವಿಮಾನದ ಟಿಕೆಟ್ ಮಾಡಿಸಲು ಬರುವವರು ಈಗ ದೂರವನ್ನು ಮೊಬೈಲಿನಲ್ಲಿ ನೋಡಿಕೊಂಡೇ ಬರುತ್ತಾರೆ. ದುಬೈಗೆ ಮಂಗಳೂರಿನಿಂದ ಸುಮಾರು 2,460 ಕಿಲೋಮೀಟರ್, ಕಣ್ಣೂರಿನಿಂದ ಸುಮಾರು 2,590. "ಕಣ್ಣೂರೇ ದೂರ ಅಲ್ವಾ, ಮತ್ತೆ ಅಲ್ಲಿಂದ ಟಿಕೆಟ್ ಕಡಿಮೆ ಯಾಕೆ?" ಎಂದು ಕೆಲವೊಮ್ಮೆ ಕೇಳುತ್ತಾರೆ.

ವಿಮಾನದ ದರ ಬಸ್ಸಿನ ಹಾಗೆ ಕಿಲೋಮೀಟರಿಗೆ ಇಷ್ಟು ಅಂತ ಏರುವುದಿಲ್ಲ. ಎಷ್ಟು ಸೀಟು ಉಳಿದಿದೆ, ಎಷ್ಟು ಕಂಪನಿಗಳು ಪೈಪೋಟಿಯಲ್ಲಿವೆ, ಶಾಲೆಗೆ ರಜೆಯೋ ಅಲ್ಲವೋ, ಇವುಗಳ ಮೇಲೆ ದರ ನಿಲ್ಲುತ್ತದೆ. 130 ಕಿಲೋಮೀಟರ್ ಎಂದರೆ ಮೇಲೆ ಹತ್ತು ನಿಮಿಷದ ಮಾತು. ಆದರೆ ಮಂಗಳೂರಿಗೆ ಹತ್ತಿರವಿರುವ ಉಪ್ಪಳದವರು ಕಾರು ಮಾಡಿಕೊಂಡು ಕಣ್ಣೂರಿಗೆ ಹೋದರೆ ಉಳಿಸಿದ್ದು ರಸ್ತೆಯಲ್ಲೇ ಮುಗಿಯಬಹುದು. ಕಣ್ಣೂರಿನ ಕಡೆಗಿರುವ ನೀಲೇಶ್ವರದವರ ಲೆಕ್ಕ ಬೇರೆ.

ಮೊಬೈಲ್ ತೋರಿಸುವ ದೂರವಾದರೂ ಯಾವುದು? ಗ್ಲೋಬಿನ ಮೇಲೆ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಸಿಗುವ ಉದ್ದ. ಗೋಡೆಯ ನಕ್ಷೆಯಲ್ಲಿ ಸ್ಕೇಲಿಟ್ಟು ಎಳೆದ ಗೆರೆ ಅಲ್ಲ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಈ ದಾರ ಸುಮಾರು 14,000 ಕಿಲೋಮೀಟರ್, ಅದೂ ಉತ್ತರ ಧ್ರುವದ ಹತ್ತಿರದಿಂದ. "ಅಮೇರಿಕಾ ಪಶ್ಚಿಮಕ್ಕಲ್ವಾ?" ಎಂದು ಮಕ್ಕಳ ಮನೆಗೆ ಹೊರಟ ಹಿರಿಯರು ಗಾಬರಿಯಾಗುತ್ತಾರೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಧ್ರುವದ ಮೇಲಿಂದಲೇ ಹಾರಿ ಬೆಂಗಳೂರಿಗೆ ಬಂದಿಳಿದಿದ್ದರು.

ಹಾಗಂತ ವಿಮಾನ ಯಾವಾಗಲೂ ಆ ದಾರ ಹಿಡಿದು ಹೋಗುವುದಿಲ್ಲ. 2016ರ ಅಕ್ಟೋಬರಿನಲ್ಲಿ ಏರ್ ಇಂಡಿಯಾದ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ಅಟ್ಲಾಂಟಿಕ್ ಬಿಟ್ಟು ಪೆಸಿಫಿಕ್ ಕಡೆಯಿಂದ ಹೋಯಿತು. ದಾರಿ ಸುಮಾರು 1,400 ಕಿಲೋಮೀಟರ್ ಜಾಸ್ತಿ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಮೊದಲಿಗಿಂತ ಸುಮಾರು ಎರಡು ಗಂಟೆ ಬೇಗ ಮುಟ್ಟಿತು. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಅಟ್ಲಾಂಟಿಕ್ ದಾರಿಯಲ್ಲಿ ಅದು ಎದುರಿಗೆ, ಪೆಸಿಫಿಕ್ ದಾರಿಯಲ್ಲಿ ಬೆನ್ನಿಗೆ. ಇದಕ್ಕೆ ಉಲ್ಟಾ ಕಥೆಯೂ ಇದೆ. 2022ರಲ್ಲಿ ಯುರೋಪಿನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿದ ಮೇಲೆ, ಸುತ್ತಿ ಹೋಗಬೇಕಾಗಿ, ಫಿನ್‌ಲ್ಯಾಂಡಿನ ಹೆಲ್ಸಿಂಕಿಯಿಂದ ಟೋಕಿಯೊ ಪ್ರಯಾಣ ಒಂಬತ್ತೂವರೆ ಗಂಟೆಯಿಂದ ಸುಮಾರು ಹದಿಮೂರಕ್ಕೆ ಏರಿತು. ಊರುಗಳು ಇದ್ದಲ್ಲೇ ಇವೆ!

ದುಬೈ ಟಿಕೆಟಿನಲ್ಲಿ ಗೊಂದಲ ಗಡಿಯಾರದ್ದು. ಹೋಗುವಾಗ ಎರಡು ಗಂಟೆ ಚಿಲ್ಲರೆ, ಬರುವಾಗ ಐದು ಗಂಟೆ ಎಂದು ಕಾಣುತ್ತದೆ. ಅಲ್ಲಿಯ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ, ಅಷ್ಟೆ. ನಿಜವಾಗಿ, ಗಾಳಿ ಬೆನ್ನಿಗಿರುವುದರಿಂದ, ಬರುವಾಗಲೇ ಸಾಮಾನ್ಯವಾಗಿ ಬೇಗ.

ದೂರ ನೇರವಾಗಿ ಟಿಕೆಟಿನ ಲೆಕ್ಕಕ್ಕೆ ಬರುವ ಜಾಗವೂ ಒಂದಿದೆ. ಕೆಲವು ಅಂತಾರಾಷ್ಟ್ರೀಯ ದರಗಳಿಗೆ ಮೈಲೇಜ್ ಮಿತಿ, ಅಂದರೆ ಆ ದರದಲ್ಲಿ ಒಟ್ಟು ಎಷ್ಟು ದೂರ ಹಾರಬಹುದು ಎಂಬ ಮಿತಿ, ಇರುತ್ತದೆ. ಸಾಮಾನ್ಯವಾಗಿ ನೇರ ದೂರಕ್ಕಿಂತ 20 ಶೇಕಡಾದಷ್ಟು ಸುತ್ತಲು ಬಿಡುತ್ತಾರೆ. ಅದನ್ನು ಮೀರಿದರೆ ದರ 5, 10 ಹೀಗೆ 25 ಶೇಕಡಾದವರೆಗೆ ಏರುತ್ತದೆ. ಆದ್ದರಿಂದ ಲಂಡನ್ನಿಗೆ ಹೋಗುವ ದಾರಿಯಲ್ಲಿ ಎರಡು ಕಡೆ ಇಳಿದು ನೆಂಟರನ್ನು ನೋಡುವ ಯೋಚನೆ ಇದ್ದರೆ ಟಿಕೆಟ್ ಮಾಡಿಸುವ ಮೊದಲೇ ಹೇಳಿ. ಆಮೇಲೆ ಬದಲಿಸಲು ಹೊರಟರೆ ಬದಲಾವಣೆಯ ಶುಲ್ಕವೂ ಸೇರಿಕೊಳ್ಳಬಹುದು.