ಒಳ್ಳೆಯ ಗುಣ ಕಲಿಸುವುದು ಹೇಗೆ? ಟಿಇಟಿ, ಬಿ.ಎಡ್ ಗೆಳೆಯರಿಗೆ ಟಿಪ್ಪಣಿ

ಟಿಇಟಿಯಲ್ಲಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಶಿಶು ವಿಕಾಸ ಮತ್ತು ಬೋಧನಾಶಾಸ್ತ್ರಕ್ಕೆ 30 ಅಂಕ. ನೈತಿಕ ವಿಕಾಸದಿಂದ ಬಂದರೆ ಒಂದೆರಡು ಪ್ರಶ್ನೆ ಬರುತ್ತವೆ ಎಂದುಕೊಂಡು ನಾವು ಮನೋವಿಜ್ಞಾನಿ ಕೋಲ್‌ಬರ್ಗ್‌ನ ಹಂತಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗಿಬಿಡುತ್ತೇವೆ. ಅಷ್ಟಕ್ಕೇ ಬಿಡಬೇಡಿ. ನಾಳೆ ಚಿಂಚೋಳಿಯಲ್ಲೋ ಔರಾದದಲ್ಲೋ ಸುರಪುರದಲ್ಲೋ ನಮ್ಮ ಕೈಗೊಂದು ತರಗತಿ ಬಂದಾಗ ಮೊದಲ ದಿನದಿಂದಲೇ ಬೇಕಾಗುವ ವಿಷಯ ಇದು. ನನಗೆ ಅರ್ಥವಾದ ಮಟ್ಟಿಗೆ, ಮಕ್ಕಳು ಒಳ್ಳೆಯತನವನ್ನು ನೀತಿಪಾಠದಿಂದ ಕಲಿಯುವುದು ಕಡಿಮೆ. ಶಾಲೆಯ ಒಂದು ದಿನ ಹೇಗೆ ನಡೆಯುತ್ತದೆ ಎಂಬುದರಿಂದ ಕಲಿಯುವುದೇ ಜಾಸ್ತಿ.

ಮೊದಲು ಮಕ್ಕಳ ಯೋಚನೆಯನ್ನು ಅಧ್ಯಯನ ಮಾಡಿದ ಮನೋವಿಜ್ಞಾನಿ ಪಿಯಾಜೆ, ಬೇಗ ಮುಗಿಸೋಣ. ಅವರು ಮಕ್ಕಳಿಗೆ ಹೇಳಿದ ಕಥೆ ಇದು. ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ 15 ಕಪ್ ಒಡೆದ. ಇನ್ನೊಬ್ಬ ಕದ್ದು ಜಾಮ್ ತೆಗೆಯಲು ಹೋಗಿ ಒಂದೇ ಕಪ್ ಒಡೆದ. ಯಾರದ್ದು ದೊಡ್ಡ ತಪ್ಪು? ಸಣ್ಣ ಮಕ್ಕಳು 15 ಕಪ್ ಒಡೆದವನ ಕಡೆ ಬೆರಳು ತೋರಿಸುತ್ತಾರೆ. ದೊಡ್ಡವರಾದಂತೆ ಉದ್ದೇಶ ನೋಡುವುದನ್ನು ಕಲಿಯುತ್ತಾರೆ. ಮೊದಲನೆಯದು ಪರಾಧೀನ ನೈತಿಕತೆ (ದೊಡ್ಡವರು ಹಾಕಿದ ನಿಯಮವೇ ಅಂತಿಮ), ಎರಡನೆಯದು ಸ್ವಾಧೀನ ನೈತಿಕತೆ (ತಾನೇ ಯೋಚಿಸಿ ಸರಿ ತಪ್ಪು ನಿರ್ಧರಿಸುವುದು). ಪರೀಕ್ಷೆಗೆ ಇಷ್ಟು ಸಾಕು.

ಕೋಲ್‌ಬರ್ಗ್‌ಗೆ ಸ್ವಲ್ಪ ಹೊತ್ತು ಕೊಡಬೇಕು. ಅವರು 1958ರ ತಮ್ಮ ಪಿಎಚ್‌ಡಿ ಅಧ್ಯಯನದಿಂದ ಶುರುಮಾಡಿ, ಸರಿ ತಪ್ಪಿನ ಬಗ್ಗೆ ನಾವು ಯೋಚಿಸುವ ರೀತಿ ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಮೂರು ಮಟ್ಟ, ಆರು ಹಂತಗಳನ್ನು ಕಟ್ಟಿದರು. ಹೆಂಡತಿಗಾಗಿ ಔಷಧ ಕದಿಯುವ ಹೈನ್ಸ್‌ನ ಕಥೆ ಎಲ್ಲ ಗೈಡ್‌ಗಳಲ್ಲಿದೆ. ನಾವು ನಮ್ಮ ತರಗತಿಯದ್ದೇ ಒಂದು ಪ್ರಸಂಗ ತೆಗೆದುಕೊಳ್ಳೋಣ. ಮಾಸ್ತರು ಆಫೀಸಿಗೆ ಹೋಗಿದ್ದಾರೆ. ಗದ್ದಲ ಮಾಡಿದವರ ಹೆಸರನ್ನು ಮಾನಿಟರ್ ಬೋರ್ಡಿನ ಮೇಲೆ ಬರೆಯಬೇಕು. ಗದ್ದಲ ಮಾಡುತ್ತಿರುವವ ಅವನ ಜೀವದ ಗೆಳೆಯ. ಬರೆಯಬೇಕೋ ಬೇಡವೋ?

"ಬರೆಯದಿದ್ದರೆ ಸರ್ ನನಗೇ ಬೈತಾರೆ" ಎಂದರೆ ಒಂದನೇ ಹಂತ. "ಇವತ್ತು ನಾನು ಅವನನ್ನು ಬಿಟ್ಟರೆ ನಾಳೆ ಅವನು ನನ್ನನ್ನು ಬಿಡ್ತಾನೆ" ಎಂದರೆ ಎರಡು. ಇವೆರಡೂ ಸಾಂಪ್ರದಾಯಿಕ ಪೂರ್ವ ಮಟ್ಟ. "ಬರೆದರೆ ಎಲ್ಲರೂ ನನ್ನನ್ನು ಕೆಟ್ಟವ ಅಂತಾರೆ" ಎಂಬುದು ಮೂರು, "ನಿಯಮ ಎಲ್ಲರಿಗೂ ಒಂದೇ" ಎಂಬುದು ನಾಲ್ಕು. ಇವು ಸಾಂಪ್ರದಾಯಿಕ ಮಟ್ಟ. "ಈ ನಿಯಮವೇ ಸರಿಯಿಲ್ಲ, ಎಲ್ಲರೂ ಕೂತು ಬದಲಿಸೋಣ" ಎಂದು ಯೋಚಿಸಿದರೆ ಐದು. ಯಾರು ಏನೇ ಹೇಳಲಿ, ಮನುಷ್ಯನಿಗೆ ಅವಮಾನ ಆಗಬಾರದು ಎಂಬ ತತ್ವಕ್ಕೇ ನಿಂತರೆ ಆರು. ಇವು ಸಾಂಪ್ರದಾಯಿಕೋತ್ತರ ಮಟ್ಟ.

ಗಮನಿಸಿ, "ಬರೆಯುತ್ತೇನೆ", "ಬರೆಯಲ್ಲ" ಎಂಬ ಉತ್ತರದಿಂದ ಹಂತ ಗೊತ್ತಾಗುವುದಿಲ್ಲ. ಕೊಟ್ಟ ಕಾರಣದಿಂದ ಗೊತ್ತಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ ಎಡವುವುದು ಇಲ್ಲೇ. ಮನೋವಿಜ್ಞಾನಿ ಕ್ಯಾರೊಲ್ ಗಿಲಿಗನ್ ಕೋಲ್‌ಬರ್ಗ್ ಬಗ್ಗೆ 1982ರಲ್ಲಿ ಎತ್ತಿದ ಆಕ್ಷೇಪವೂ ನೆನಪಿರಲಿ: ನ್ಯಾಯ, ನಿಯಮಗಳ ಅಳತೆ ಮಾತ್ರ ಸಾಲದು. ಒಬ್ಬರನ್ನು ಒಬ್ಬರು ನೋಡಿಕೊಳ್ಳುವ ಕಾಳಜಿಯೂ ನೈತಿಕತೆಯೇ.

ಇನ್ನು ದೊಡ್ಡ ಪ್ರಶ್ನೆ. ಚೆನ್ನಾಗಿ ಕಾರಣ ಹೇಳುವ ಮಗು ಚೆನ್ನಾಗಿ ನಡೆದುಕೊಳ್ಳುತ್ತದೆಯೇ? 1920ರ ದಶಕದ ಕೊನೆಯಲ್ಲಿ ಹಾರ್ಟ್‌ಶೋರ್ನ್ ಮತ್ತು ಮೇ ಎಂಬಿಬ್ಬರು ಅಮೆರಿಕದಲ್ಲಿ ಸಾವಿರಾರು ಶಾಲಾ ಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆ ಪ್ರಾಮಾಣಿಕವಾಗಿತ್ತು. ಮಕ್ಕಳನ್ನು ಒಳ್ಳೆಯವರು, ಕೆಟ್ಟವರು ಎಂದು ಎರಡು ಗುಂಪು ಮಾಡಲು ಬರಲಿಲ್ಲ. ನೀತಿ ಬೋಧನೆ ಕೇಳಿದ್ದಕ್ಕೂ ನಡತೆಗೂ ಹೆಚ್ಚಿನ ನಂಟು ಕಾಣಲಿಲ್ಲ. ಸನ್ನಿವೇಶ ಬದಲಾದಂತೆ ನಡತೆ ಬದಲಾಗುತ್ತಿತ್ತು. ನನಗೆ ಇದು ಭರವಸೆ ಕೊಡುವ ಮಾತು. ಮಗುವಿನ ಹುಟ್ಟುಗುಣ ನಮ್ಮ ಕೈಯಲ್ಲಿಲ್ಲ, ತರಗತಿಯ ಸನ್ನಿವೇಶ ನಮ್ಮ ಕೈಯಲ್ಲಿದೆ ಅಲ್ವಾ?

ಮಕ್ಕಳು ನೋಡಿ ಕಲಿಯುತ್ತಾರೆ ಎಂದು ತೋರಿಸಿದ ಮನೋವಿಜ್ಞಾನಿ ಬಂಡೂರಾ ಅವರ 1961ರ ಬೊಬೊ ಗೊಂಬೆ ಪ್ರಯೋಗ ನಿಮಗೆ ಗೊತ್ತು. ದೊಡ್ಡವರು ಗೊಂಬೆಗೆ ಹೊಡೆದದ್ದನ್ನು ನೋಡಿದ ಮಕ್ಕಳು ತಾವೂ ಹೊಡೆದರು. ಅದರ ಜೊತೆಗೆ 1970ರ ಬ್ರಯಾನ್ ಮತ್ತು ವಾಲ್ಬೆಕ್ ಅವರ ಪ್ರಯೋಗವನ್ನೂ ಬರೆದಿಟ್ಟುಕೊಳ್ಳಿ. ಆಟದಲ್ಲಿ ಗೆದ್ದದ್ದನ್ನು ದಾನ ಮಾಡಬೇಕು ಎಂದು ಉಪದೇಶ ಮಾಡಿದವರನ್ನೂ, ನಿಜವಾಗಿ ದಾನ ಮಾಡಿದವರನ್ನೂ ಮಕ್ಕಳ ಮುಂದೆ ತಂದರು. ಮಕ್ಕಳ ಕೈ ಬಿಚ್ಚಿದ್ದು ಉಪದೇಶದಿಂದಲ್ಲ, ಕಣ್ಣಾರೆ ಕಂಡ ದಾನದಿಂದ. ಉಪದೇಶ ಕೇಳಿದವರು ಉಪದೇಶ ಮಾಡುವುದನ್ನು ಕಲಿತರು! ನಮ್ಮ ಭಾಗದ ಮಕ್ಕಳು ಪ್ರಾರ್ಥನೆಯಲ್ಲಿ ವಚನವನ್ನು ಎಷ್ಟು ಚೆಂದ ಹೇಳುತ್ತಾರೆ ಎಂಬುದು ನಿಮಗೂ ಗೊತ್ತು. ನಡೆ ನುಡಿ ಒಂದಾಗಿರಬೇಕು ಎಂದು 12ನೇ ಶತಮಾನದಲ್ಲಿ ಶರಣರು ಹಟ ಹಿಡಿದದ್ದು ಇದೇ ಬೀದರ ಜಿಲ್ಲೆಯ ಕಲ್ಯಾಣದಲ್ಲಿ. ವಚನ ಮುಗಿದ ಮರುಗಳಿಗೆ ತಡವಾಗಿ ಬಂದ ಹುಡುಗನನ್ನು ಎಲ್ಲರೆದುರು ಹೀಯಾಳಿಸಿದರೆ ಮಕ್ಕಳು ಕಲಿಯುವುದು ಎರಡನೆಯದನ್ನೇ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಹೀಯಾಳಿಸುವುದು ಆ ಎರಡನೆಯದರಲ್ಲಿ ಬರುತ್ತದೆ.

ಸನ್ನಿವೇಶ ಎಂದರೆ ಏನು ಎಂದು ಕೇಳುವವರು ಬಿಸಿಯೂಟದ ಸಾಲು ನೋಡಿ. 2021ರ ಡಿಸೆಂಬರಿನಲ್ಲಿ ಬೀದರ, ಕಲಬುರಗಿ, ಯಾದಗಿರಿ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ, ಅದನ್ನು ತಿನ್ನದವರಿಗೆ ಬಾಳೆಹಣ್ಣು ಕೊಡುವುದು ಶುರುವಾಯಿತು. ಯಾರ ತಟ್ಟೆಯಲ್ಲಿ ಏನಿದೆ ಎಂದು ಮಕ್ಕಳು ನೋಡಿಯೇ ನೋಡುತ್ತಾರೆ. ಮೊಟ್ಟೆಯವರು ಆ ಕಡೆ, ಬಾಳೆಹಣ್ಣಿನವರು ಈ ಕಡೆ ಎಂದು ಕೂರಿಸಿದರೆ ಅಲ್ಲೊಂದು ಪಾಠ ಆಗಿಹೋಯಿತು, ಅದೂ ಕೆಟ್ಟ ಪಾಠ. ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ. ಬಡಿಸುವ ಸರದಿ ಎಲ್ಲ ಮಕ್ಕಳಿಗೂ ಬರಲಿ, ಯಾವ ಓಣಿಯವರು, ಯಾವ ತಾಂಡಾದವರು ಎಂದು ನೋಡದೆ. ಮಾಸ್ತರರೂ ಅದೇ ಸಾಲಿನಲ್ಲಿ ಕೂತು ಊಟ ಮಾಡಲಿ. ಸಮಾನತೆಯ ಬಗ್ಗೆ ಒಂದು ಗಂಟೆ ಮಾತಾಡುವುದಕ್ಕಿಂತ ಇದು ದೊಡ್ಡ ಕೆಲಸ ಎಂದು ನಾನು ಖಂಡಿತ ನಂಬುತ್ತೇನೆ.

ದುಡಿಯಲು ಬೆಂಗಳೂರು, ಪುಣೆ, ಮುಂಬೈಗೆ ಹೋಗುವ ಕುಟುಂಬಗಳು ನಮ್ಮಲ್ಲಿ ಬಹಳ. ತಿಂಗಳುಗಟ್ಟಲೆ ಶಾಲೆ ತಪ್ಪಿಸಿಕೊಂಡು ಬಂದ ಹುಡುಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂರುತ್ತಾಳೆ. ಅವಳಿಗೆ ಒಬ್ಬ ಜೊತೆಗಾತಿಯನ್ನು ಕೊಡಿ. ನೋಟ್ಸ್ ತೋರಿಸುವುದು, ಮಗ್ಗಿ ಹೇಳಿಸುವುದು ಆ ಜೊತೆಗಾತಿಯ ಕೆಲಸ. ಹೋದ ಊರಿನಲ್ಲಿ ಕಂಡದ್ದನ್ನು ತರಗತಿಗೆ ಹೇಳುವುದು ಇವಳ ಕೆಲಸ. ಸಹಾಯ ಎರಡೂ ಕಡೆ ಹರಿಯಬೇಕು. ಇಲ್ಲದಿದ್ದರೆ ಪಡೆಯುವವಳಿಗೆ ಅದು ಭಾರ.

ಈ ಜೊತೆಗಾತಿಗೆ ಚಾಕೊಲೇಟ್ ಕೊಡಬೇಕೇ? ಬೇಡ. ವಾರ್ನೆಕನ್ ಮತ್ತು ಟೊಮಾಸೆಲೊ 2008ರಲ್ಲಿ 20 ತಿಂಗಳ ಕೂಸುಗಳೊಂದಿಗೆ ಪ್ರಯೋಗ ಮಾಡಿದರು. ಸಹಾಯ ಮಾಡಿದಾಗಲೆಲ್ಲ ವಸ್ತು ರೂಪದ ಬಹುಮಾನ ಪಡೆದ ಕೂಸುಗಳು ಆಮೇಲೆ ಕಡಿಮೆ ಸಹಾಯ ಮಾಡಿದವು. ಬರೀ ಹೊಗಳಿಕೆ ಪಡೆದವುಗಳಲ್ಲಿ, ಏನೂ ಪಡೆಯದವುಗಳಲ್ಲಿ ಹಾಗೆ ಇಳಿಯಲಿಲ್ಲ. "ನೀ ಹೇಳಿಕೊಟ್ಟಿದ್ದಕ್ಕ ಅಕೀಗಿ ಲೆಕ್ಕ ಬಂತು ನೋಡವ್ವಾ" ಎಂದರೆ ಸಾಕು.

ಜಗಳವಾದಾಗ "ಸಾರಿ ಹೇಳು" ಎಂದು ಒತ್ತಾಯಿಸುವ ಬದಲು ಏನಾಯಿತು, ಯಾರಿಗೆ ನೋವಾಯಿತು, ಈಗ ಅದನ್ನು ಸರಿ ಮಾಡುವುದು ಹೇಗೆ ಎಂದು ಕೇಳಿ. ಹರಿದ ಪುಸ್ತಕಕ್ಕೆ ಇಬ್ಬರೂ ಕೂತು ಹೊಸ ರಟ್ಟು ಹಾಕಲಿ. ಅಭ್ಯಾಸ ಬೋಧನೆಯ ದಿನಚರಿಯಲ್ಲೂ "ವಿದ್ಯಾರ್ಥಿಗಳು ದಯೆಯ ಮಹತ್ವ ಅರಿತರು" ಎಂದು ಬರೆಯಬೇಡಿ. ಯಾರು ಯಾರ ಪಕ್ಕ ಕೂತರು, ಯಾರನ್ನು ಆಟಕ್ಕೆ ಕರೆಯಲಿಲ್ಲ, ಮರುದಿನ ಅದಕ್ಕೆ ನೀವೇನು ಮಾಡಿದಿರಿ ಎಂಬುದನ್ನು ಬರೆಯಿರಿ.